ಆರೋಗ್ಯದ ಮಾತು ರೇಡಿಯೋದಲ್ಲಿ ಬಂದರೆ ಏನಾಗುತ್ತದೆ?

2020ರ ಮಾರ್ಚ್ ನೆನಪಿದೆಯಾ? ಯಾರಿಗೇ ಫೋನ್ ಮಾಡಿದರೂ ಮೊದಲು ಒಂದು ಕೆಮ್ಮು ಕೇಳಿಸುತ್ತಿತ್ತು. ಆಮೇಲೆ ಕೈ ತೊಳೆಯಿರಿ, ದೂರ ನಿಲ್ಲಿ ಅನ್ನುವ ಮಾತು. ಸ್ವಲ್ಪ ದಿನವಾದ ಮೇಲೆ ಅದಕ್ಕೆ ಇನ್ನೊಂದು ಮಾತು ಸೇರಿತು: ನಮ್ಮ ಹೋರಾಟ ಕಾಯಿಲೆಯ ಜೊತೆ, ಕಾಯಿಲೆ ಬಿದ್ದವರ ಜೊತೆ ಅಲ್ಲ. ದೇಶದಲ್ಲಿ ಮೊಬೈಲ್ ಹಿಡಿದವರೆಲ್ಲ ಇದನ್ನು ಒಂದಲ್ಲ ಹತ್ತು ಸಲ ಕೇಳಿದ್ದಾರೆ. ಆದರೂ ಪಕ್ಕದ ಮನೆಯಲ್ಲಿ ಪಾಸಿಟಿವ್ ಅಂತ ಗೊತ್ತಾದ ಕೂಡಲೇ ಹಾಲು ಹಾಕುವವನನ್ನೂ ಆ ಕಡೆ ಬಿಡದವರು ನಮ್ಮ ನಡುವೆಯೇ ಇದ್ದರು. ಯಾವ ಕೀ ಒತ್ತಿದರೆ ಆ ಕೆಮ್ಮು ನಿಲ್ಲುತ್ತೆ ಅನ್ನುವ ಉಪಾಯವಂತೂ ಸಂದೇಶಕ್ಕಿಂತ ಬೇಗ ಊರೆಲ್ಲ ಹಬ್ಬಿತು.

ಒಂದು ಮಾತು ಕಿವಿಗೆ ಬೀಳುವುದು ಬೇರೆ, ಅದರಿಂದ ಮನೆಯಲ್ಲಿ ಏನಾದರೂ ಬದಲಾಗುವುದು ಬೇರೆ. ಈ ಎರಡರ ನಡುವಿನ ದಾರಿಯನ್ನು ಹುಡುಕುವ ಕೆಲಸ ಎಷ್ಟೋ ದಶಕಗಳಿಂದ ನಡೆದಿದೆ, ಹೆಚ್ಚಿನ ಪಾಲು ರೇಡಿಯೋದ ಮೂಲಕ. ಈಗ ಅದು ನಮಗೂ ಬೇಕಾದ ವಿಷಯವಾಗಿದೆ. ದೇಶದಲ್ಲಿ ಸಮುದಾಯ ರೇಡಿಯೋ ಕೇಂದ್ರಗಳು 500 ದಾಟಿವೆ. 2024ರಲ್ಲಿ ಕೇಂದ್ರ ಸರ್ಕಾರ ಅವುಗಳ ನಿಯಮವನ್ನು ಸ್ವಲ್ಪ ಸಡಿಲಿಸಿತು. ನಮ್ಮೂರಲ್ಲೂ ಒಂದು ಮಾಡಬಹುದಾ, ಮಾಡಿದರೆ ಏನು ಪ್ರಯೋಜನ ಅಂತ ಕೇಳುವ ಕಾಲೇಜು, ಸಂಘ ಸಂಸ್ಥೆಗಳು ಜಾಸ್ತಿಯಾಗಿವೆ. ಹಾಗಾಗಿ ಬುಡದಿಂದಲೇ ನೋಡೋಣ.

ಆರೋಗ್ಯ ಮತ್ತು ಒಳಗೊಳ್ಳುವುದು: ಎರಡೂ ಯಾಕೆ ಒಟ್ಟಿಗೆ?

ಸಾರ್ವಜನಿಕ ಆರೋಗ್ಯ ಅಂದರೆ ಒಬ್ಬ ರೋಗಿಗೆ ಔಷಧಿ ಕೊಡುವುದಲ್ಲ, ಇಡೀ ಊರು ಕಾಯಿಲೆ ಬೀಳದ ಹಾಗೆ ನೋಡಿಕೊಳ್ಳುವುದು. ಲಸಿಕೆ, ಶುದ್ಧ ನೀರು, ಸೊಳ್ಳೆ ನಿಯಂತ್ರಣ, ಬಸುರಿ ಬಾಣಂತಿಯರ ಆರೈಕೆ ಎಲ್ಲ ಇದರಲ್ಲಿ ಬರುತ್ತವೆ. ಸಾಮಾಜಿಕ ಒಳಗೊಳ್ಳುವಿಕೆ ಅಂದರೆ ಜಾತಿ, ಲಿಂಗ, ಅಂಗವೈಕಲ್ಯ, ಭಾಷೆ, ಕಾಯಿಲೆ ಇವುಗಳ ಕಾರಣಕ್ಕೆ ಯಾರನ್ನೂ ಹೊರಗೆ ನಿಲ್ಲಿಸದಿರುವುದು.

ಇವೆರಡೂ ಹೆಣೆದುಕೊಂಡಿರುವುದು ಕುಷ್ಠರೋಗದಲ್ಲಿ ಚೆನ್ನಾಗಿ ಕಾಣುತ್ತದೆ. ಹಲವು ಔಷಧಿಗಳನ್ನು ಸೇರಿಸಿ ಕೊಡುವ ಚಿಕಿತ್ಸೆ 1980ರ ದಶಕದಲ್ಲೇ ಬಂತು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ಕಾಯಿಲೆ ಪೂರ್ತಿ ವಾಸಿಯಾಗುತ್ತದೆ. ಆದರೂ ಜನ ಆಸ್ಪತ್ರೆಗೆ ಬರುತ್ತಿರಲಿಲ್ಲ. ಮಚ್ಚೆ ಕಂಡರೆ ಮುಚ್ಚಿಡುತ್ತಿದ್ದರು. ಗೊತ್ತಾದರೆ ಮದುವೆ ಮುರಿದು ಬೀಳುತ್ತೆ, ಕೆಲಸ ಹೋಗುತ್ತೆ ಅನ್ನುವ ಭಯ. ಮುಚ್ಚಿಟ್ಟಷ್ಟು ದಿನ ನರಕ್ಕೆ ಹಾನಿ, ಕೈಕಾಲಿಗೆ ಊನ. 1999ರಿಂದ ಕೆಲವು ವರ್ಷ ಬಿಬಿಸಿಯ ದತ್ತಿ ಸಂಸ್ಥೆ ದೂರದರ್ಶನ ಮತ್ತು ಆಕಾಶವಾಣಿ ಜೊತೆ ಸೇರಿ ಉತ್ತರ ಭಾರತದಲ್ಲಿ ಒಂದು ದೊಡ್ಡ ಪ್ರಚಾರ ನಡೆಸಿತು. ಅದರಲ್ಲಿದ್ದ ಮಾತು ಮೂರೇ: ಇದು ವಾಸಿಯಾಗುತ್ತದೆ, ಮಾತ್ರೆ ಪುಕ್ಕಟೆ, ಮುಟ್ಟಿದರೆ ಅಂಟುವುದಿಲ್ಲ. ಮೊದಲ ಎರಡು ರೋಗಿಗೆ. ಮೂರನೆಯದು ಅಕ್ಕಪಕ್ಕದವರಿಗೆ. ಆ ಮೂರನೆಯದು ಊರಿಗೆ ಇಳಿಯದಿದ್ದರೆ ಮೊದಲೆರಡನ್ನು ಎಷ್ಟು ಸಾರಿದರೂ ಮಚ್ಚೆ ಮುಚ್ಚಿಟ್ಟವರು ಹೊರಗೆ ಬರುವುದಿಲ್ಲ.

ಸಮುದಾಯ ರೇಡಿಯೋ ಅಂದರೆ ಯಾವುದು?

ನಮ್ಮಲ್ಲಿ ಮೂರು ಬಗೆಯ ರೇಡಿಯೋ ಇದೆ. ಸರ್ಕಾರದ್ದು ಆಕಾಶವಾಣಿ. ವ್ಯಾಪಾರದ್ದು ನಗರಗಳ ಖಾಸಗಿ ಎಫ್‌ಎಂ. ಮೂರನೆಯದು ಸಮುದಾಯ ರೇಡಿಯೋ. ಶಿಕ್ಷಣ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರ ಅಥವಾ ಲಾಭಕ್ಕಲ್ಲದೆ ಕೆಲಸ ಮಾಡುವ ಸಂಸ್ಥೆ ತನ್ನ ಸುತ್ತಲಿನ ಜನರಿಗಾಗಿ, ಅವರನ್ನೇ ಸೇರಿಸಿಕೊಂಡು ನಡೆಸುವ ಪುಟ್ಟ ಕೇಂದ್ರ ಇದು. ಪ್ರಸಾರ ಹತ್ತು ಹದಿನೈದು ಕಿಲೋಮೀಟರ್ ಮುಟ್ಟಿದರೆ ಹೆಚ್ಚು. ಗುಡ್ಡ ಅಡ್ಡ ಬಂದರೆ ಅದೂ ಇಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಆ ಜಾಗದ ಜನರ ಜೊತೆಗೂಡಿಯೇ ತಯಾರಾಗಬೇಕು ಅನ್ನುವುದು ನಿಯಮ.

ರೇಡಿಯೋ ವಿಷಯದಲ್ಲಿ ಕರ್ನಾಟಕಕ್ಕೆ ಹಳೇ ನಂಟಿದೆ. 1935ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಮೊದಲು ಕೇಳಿಸಿದ್ದು ಅಲ್ಲಿಂದಲೇ. ಅಳತೆಯಲ್ಲಿ ನೋಡಿದರೆ ಇವತ್ತಿನ ಸಮುದಾಯ ರೇಡಿಯೋಗಿಂತ ಅದೇನೂ ದೊಡ್ಡದಲ್ಲ.

ಆಮೇಲೆ ದಶಕಗಳ ಕಾಲ ಗಾಳಿಯ ಅಲೆಗಳು ಸರ್ಕಾರದ ಕೈಯಲ್ಲೇ ಇದ್ದವು. 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಕ್ರಿಕೆಟ್ ಪ್ರಸಾರದ ಕೇಸಿನಲ್ಲಿ ಈ ಅಲೆಗಳು ಸಾರ್ವಜನಿಕರ ಆಸ್ತಿ ಅಂತ ಹೇಳಿತು. ಪಂದ್ಯ ತೋರಿಸುವ ಹಕ್ಕಿನ ಜಗಳ ಕೊನೆಗೆ ಹಳ್ಳಿ ರೇಡಿಯೋಗೆ ಬಾಗಿಲು ತೆಗೆಯಿತು ನೋಡಿ. ಆದರೂ ಬಾಗಿಲು ತೆರೆದದ್ದು ನಿಧಾನವಾಗಿ. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅನುಮತಿ ಸಿಕ್ಕಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಮೊದಲ ಕೇಂದ್ರ ತೆರೆಯಿತು. ಸಂಘ ಸಂಸ್ಥೆಗಳಿಗೆ ಅವಕಾಶ ಬಂದದ್ದು 2006ರ ನವೆಂಬರ್‌ನಲ್ಲಿ.

ಅಷ್ಟರೊಳಗೆ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಕಾಯುತ್ತಾ ಕೂತಿರಲಿಲ್ಲ. (ಹೈದರಾಲಿ ಹುಟ್ಟಿದ್ದು ಅನ್ನುತ್ತಾರಲ್ಲ, ಅದೇ ಊರು.) ಮೈರಾಡ, ವಾಯ್ಸಸ್ ಸಂಸ್ಥೆಗಳು ಮತ್ತು ಯುನೆಸ್ಕೋ ನೆರವಿನಿಂದ 2001ರ ಸುಮಾರಿಗೆ ಅಲ್ಲಿ 'ನಮ್ಮ ಧ್ವನಿ' ಶುರುವಾಯಿತು. ಗಾಳಿಯಲ್ಲಿ ಪ್ರಸಾರ ಮಾಡುವ ಹಾಗಿರಲಿಲ್ಲ. ಹಾಗಾಗಿ ಸ್ವಸಹಾಯ ಸಂಘದ ಹೆಂಗಸರು ಧ್ವನಿಮುದ್ರಿಸಿದ ಕಾರ್ಯಕ್ರಮವನ್ನು ಸಂಘದ ಸಭೆಗಳಲ್ಲಿ ಟೇಪ್ ಹಾಕಿ ಕೇಳಿಸಿದರು. ಆಮೇಲೆ ಟಿವಿ ಕೇಬಲ್ ತಂತಿಯಲ್ಲೇ ಅದನ್ನು ಮನೆಮನೆಗೆ ಹರಿಸಿದರು. ಕೇಬಲ್ ಮೇಲೆ ಓಡಿದ ದೇಶದ ಮೊದಲ ಸಮುದಾಯ ರೇಡಿಯೋ ಇದೇ.

ಒಂದು ಮಾತ್ರೆಯ ಕಥೆ

ಈಗ ಒಂದು ಸಂದೇಶವನ್ನು ಹತ್ತಿರದಿಂದ ನೋಡೋಣ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಬಸುರಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆಗಳನ್ನು ಸರ್ಕಾರ ಕೊಡುತ್ತದೆ. ತಾಯಿ ಕಾರ್ಡಿನಲ್ಲಿ ಅದು ಬರೆದಿರುತ್ತದೆ. ಮಾತ್ರೆ ಮನೆಗೂ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಗೂಡಿನಲ್ಲೇ ಉಳಿಯುತ್ತದೆ.

'ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆ ಸೇವಿಸಿ' ಅಂತ ದಿನಕ್ಕೆ ಹತ್ತು ಸಲ ಪ್ರಕಟಣೆ ಕೊಟ್ಟರೆ ಏನಾಗುತ್ತದೆ? ಜಾಸ್ತಿ ಏನೂ ಆಗುವುದಿಲ್ಲ. ಯಾಕೆಂದರೆ ಮಾತ್ರೆ ನುಂಗಬೇಕು ಅನ್ನುವುದು ಅವರಿಗೆ ಗೊತ್ತೇ ಇದೆ. ನುಂಗದಿರಲು ಬೇರೆ ಕಾರಣಗಳಿವೆ. ವಾಕರಿಕೆ ಬರುತ್ತೆ. ಮಲ ಕಪ್ಪಗಾಗುತ್ತೆ, ಅದನ್ನು ನೋಡಿ ಗಾಬರಿ. ಮಲಬದ್ಧತೆ. ಎಲ್ಲಕ್ಕಿಂತ ದೊಡ್ಡದು, ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅನ್ನುವ ನಂಬಿಕೆ. ಕೆಲವು ಕಡೆ ಮಗು ಕಪ್ಪಗೆ ಹುಟ್ಟುತ್ತೆ ಅಂತಲೂ ಹೇಳುತ್ತಾರೆ. ಇನ್ನೊಂದು ವಿಷಯ, ಮಾತ್ರೆ ನುಂಗಬೇಕೋ ಬೇಡವೋ ಅಂತ ತೀರ್ಮಾನ ಮಾಡುವವಳು ಬಹಳ ಮನೆಗಳಲ್ಲಿ ಬಸುರಿ ಅಲ್ಲ, ಅವಳ ಅತ್ತೆ.

ಊರಿನ ರೇಡಿಯೋ ಇದನ್ನೇ ಹಿಡಿದು ಸಣ್ಣದೊಂದು ನಾಟಕ ಮಾಡಬಹುದು. ಅತ್ತೆಯೊಬ್ಬಳು ಮನೆಗೆ ಬಂದ ಆಶಾ ಕಾರ್ಯಕರ್ತೆಯನ್ನು ಹೀಗೆ ಕೇಳುತ್ತಾಳೆ ಅಂದುಕೊಳ್ಳಿ:

"ಏನ್ ಆಶಾ, ಈ ಮಾತ್ರೆ ನುಂಗಿದ್ರೆ ಕೂಸು ದಪ್ಪ ಆಗಿ ಹೆರಿಗೆಗೆ ತ್ರಾಸಾಗುತ್ತಂತಲ್ಲ?"

"ಇಲ್ಲ ಅಮ್ಮಾ, ಮಾತ್ರೆಯಿಂದ ಕೂಸು ದಪ್ಪ ಆಗಲ್ಲ. ಹೆರಿಗೆ ಹೊತ್ತಲ್ಲಿ ರಕ್ತ ಹೋಗುತ್ತಲ್ಲ, ಮೈಯಲ್ಲಿ ರಕ್ತವೇ ಕಮ್ಮಿ ಇದ್ರೆ ನಿಮ್ಮ ಸೊಸೆ ಹೆಂಗೆ ತಡ್ಕೋತಾಳೆ?"

"ಮತ್ತೆ ಕಪ್ಪಗೆ ಹೋಗುತ್ತೆ ಅಂತಾಳೆ?"

"ಅದು ಕಬ್ಬಿಣದ್ದೇ ಬಣ್ಣ, ಹೆದ್ರಬೇಡಿ. ರಾತ್ರಿ ಊಟ ಆದ್ಮೇಲೆ ನುಂಗಿಸಿ, ವಾಕರಿಕೆ ಕಮ್ಮಿ ಇರುತ್ತೆ. ಕಾಫಿ ಟೀ ಜೊತೆ ಮಾತ್ರ ಬೇಡ, ಮೈಗೆ ಹತ್ತಲ್ಲ. ನಿಂಬೆಹಣ್ಣಿನ ಪಾನಕ ಇದ್ರೆ ಒಳ್ಳೇದು."

ಇದರಲ್ಲಿ ಡಾಕ್ಟರ್ ಇಲ್ಲ. ಭಾಷಣ ಇಲ್ಲ. ಅತ್ತೆಯ ಅನುಮಾನವನ್ನು ಅತ್ತೆಯೇ ಕೇಳುತ್ತಾಳೆ, ಅವಳನ್ನು ದಡ್ಡಿ ಅಂತ ಯಾರೂ ಅನ್ನುವುದಿಲ್ಲ. ಆ ದನಿ ಪಕ್ಕದ ಕೇರಿಯ ನಿಜವಾದ ಅತ್ತೆಯದೇ ಆಗಿದ್ದರೆ ಮಾತಿಗೆ ಬರುವ ತೂಕವೇ ಬೇರೆ. ಕೇಳುವವರಿಗೆ 'ಅಯ್ಯೋ, ಇದು ನಮ್ಮ ಮನೆ ಮಾತು' ಅನಿಸುತ್ತದೆ. ಕೇಂದ್ರದವರು ಸ್ಕ್ರಿಪ್ಟ್ ಬರೆಯುವ ಮೊದಲು ಸಂಘದ ಸಭೆಗೆ ಹೋಗಿ ಕೂತು, ಯಾಕೆ ನುಂಗಲ್ಲ ಅಂತ ಕೇಳಿಕೊಂಡು ಬರುವುದು ಇದಕ್ಕೇ. ನಾಟಕ ಸಿದ್ಧವಾದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಒಮ್ಮೆ ಕೇಳಿಸಿ ತಪ್ಪಿದ್ದರೆ ತಿದ್ದಿಸಿಕೊಳ್ಳಬೇಕು. ಈ ಎರಡರಲ್ಲಿ ಯಾವುದನ್ನು ಬಿಟ್ಟರೂ ಕೆಲಸ ಕೆಡುತ್ತದೆ.

ಕೇಳಿದ ಮೇಲೆ ಮಾತಾಡಬೇಕು

ಕೇಳಿಸಿದರೆ ಮುಗಿಯಲಿಲ್ಲ ಅನ್ನುವುದು 1956ರಲ್ಲೇ ಪುಣೆಯ ಸುತ್ತಮುತ್ತ ಗೊತ್ತಾಗಿತ್ತು. ಆಕಾಶವಾಣಿ ಮತ್ತು ಯುನೆಸ್ಕೋ ಸೇರಿ ಮರಾಠಿ ಸೀಮೆಯ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ಕಟ್ಟಿದವು. ವಾರಕ್ಕೆರಡು ಸಲ, ಒಟ್ಟು 20 ಕಾರ್ಯಕ್ರಮ. ಹಳ್ಳಿಯ ಹದಿನೈದಿಪ್ಪತ್ತು ಜನ ಒಂದು ಕಡೆ ಕೂತು ಕೇಳುವುದು, ಮುಗಿದ ಮೇಲೆ ಅದರ ಬಗ್ಗೆ ಚರ್ಚೆ ಮಾಡುವುದು, ಪ್ರಶ್ನೆ ಇದ್ದರೆ ಕೇಂದ್ರಕ್ಕೆ ಬರೆದು ಕಳಿಸುವುದು. ಕೆನಡಾದ ರೈತರು 1940ರ ದಶಕದಲ್ಲಿ ಮಾಡುತ್ತಿದ್ದ ಕ್ರಮ ಅದು.

ಸಂಶೋಧಕರು ಮೂರು ಬಗೆಯ ಹಳ್ಳಿಗಳನ್ನು ಹೋಲಿಸಿದರು: ಕೂಟ ಇದ್ದವು, ಬರೀ ರೇಡಿಯೋ ಇದ್ದವು, ಎರಡೂ ಇಲ್ಲದವು. ಕೂಟ ಇದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಜೋರಾಗಿ ಏರಿತ್ತು. ರೇಡಿಯೋ ಮಾತ್ರ ಇದ್ದ ಕಡೆ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಕೂಟಗಳಿಂದ ಹೊರಟ ಮಾತು ಬಾವಿ ಸರಿಮಾಡುವ, ಊರ ಕೆಲಸ ಹಂಚಿಕೊಳ್ಳುವ ತನಕ ಹೋಯಿತು.

ಹಾಲಿಗೆ ಹೆಪ್ಪು ಹಾಕುವುದನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಚಮಚ ಮಜ್ಜಿಗೆ ಸಾಕು, ಪಾತ್ರೆ ತುಂಬ ಮೊಸರಾಗುತ್ತದೆ. ಆದರೆ ಹಾಲು ಉಗುರುಬೆಚ್ಚಗಿರಬೇಕು. ತಣ್ಣಗಿದ್ದರೆ ಎಷ್ಟು ಮಜ್ಜಿಗೆ ಸುರಿದರೂ ಹಾಲು ಹಾಲಾಗಿಯೇ ಇರುತ್ತದೆ. ಪ್ರಸಾರ ಆ ಚಮಚ ಮಜ್ಜಿಗೆ. ಬಾವಿಕಟ್ಟೆ, ಸಂಘದ ಸಭೆ, ಅಂಗನವಾಡಿ ಜಗಲಿಯಲ್ಲಿ ನಡೆಯುವ ಮಾತುಕತೆ ಬೆಚ್ಚಗಿನ ಹಾಲು.

ಧಾರಾವಾಹಿ ನಾಟಕಗಳು ಗೆಲ್ಲುವುದೂ ಇದೇ ಕಾರಣಕ್ಕೆ. ನಾಳೆ ಆ ಹುಡುಗಿ ಏನು ಮಾಡುತ್ತಾಳೆ ಅಂತ ಜನ ಮಾತಾಡಿಕೊಳ್ಳುತ್ತಾರೆ. ಆಕಾಶವಾಣಿ 1996–97ರಲ್ಲಿ ಹಿಂದಿಯಲ್ಲಿ 'ತಿನ್ಕಾ ತಿನ್ಕಾ ಸುಖ್' ಅನ್ನುವ ನಾಟಕ ಪ್ರಸಾರ ಮಾಡಿತು. ಉತ್ತರ ಪ್ರದೇಶದ ಲುತ್ಸಾನ್ ಎಂಬ ಹಳ್ಳಿಯಲ್ಲಿ ಅದನ್ನು ಕೇಳಿದವರು ನಾವು ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಅಂತ ಪತ್ರ ಬರೆದು, ಸಾಲಾಗಿ ಸಹಿ, ಹೆಬ್ಬೆಟ್ಟು ಹಾಕಿ ಆಕಾಶವಾಣಿಗೆ ಕಳಿಸಿದರು. ಆಮೇಲೆ ಅಲ್ಲಿ ಅಧ್ಯಯನ ಮಾಡಿದವರು ಇನ್ನೊಂದು ಮುಖವನ್ನೂ ಬರೆದಿದ್ದಾರೆ. ಸಹಿ ಹಾಕಿದ್ದಕ್ಕೂ ನಡೆದುಕೊಂಡಿದ್ದಕ್ಕೂ ಅಂತರ ಇತ್ತು, ಕೆಲವರು ಹಿಂದೆ ಸರಿದರು.

ನಿಜವಾಗಿಯೂ ಕೆಲಸ ಮಾಡುತ್ತದಾ?

ರೇಡಿಯೋದ ಪರಿಣಾಮ ಅಳೆಯುವುದು ಸುಲಭವಲ್ಲ. ಔಷಧಿಯಾದರೆ ಅರ್ಧ ಜನಕ್ಕೆ ಕೊಟ್ಟು, ಇನ್ನರ್ಧಕ್ಕೆ ಕೊಡದೆ ಹೋಲಿಸಬಹುದು. ರೇಡಿಯೋ ಅಲೆ ಬೇಲಿ ನೋಡಿ ನಿಲ್ಲುವುದಿಲ್ಲವಲ್ಲ! ಟಾಂಜಾನಿಯಾದಲ್ಲಿ 1993ರಲ್ಲಿ ಕುಟುಂಬ ಯೋಜನೆ ಮತ್ತು ಎಚ್‌ಐವಿ ಬಗ್ಗೆ ರೇಡಿಯೋ ನಾಟಕ ಶುರುವಾದಾಗ ದೊಡೋಮಾ ಸೀಮೆಯ ಪ್ರಸಾರ ಕೇಂದ್ರದಲ್ಲಿ ಮಾತ್ರ ಎರಡು ವರ್ಷ ಬೇರೆ ಕಾರ್ಯಕ್ರಮ ಹಾಕಿದರು. ಉಳಿದ ಕಡೆ ಕುಟುಂಬ ಯೋಜನೆ ಅನುಸರಿಸುವವರು ಹೆಚ್ಚಾದರು. ಆಮೇಲೆ ದೊಡೋಮಾದಲ್ಲೂ ನಾಟಕ ಬಂತು, ಅಲ್ಲೂ ಹೆಚ್ಚಾದರು.

ಇನ್ನೂ ಬಿಗಿಯಾದ ಪರೀಕ್ಷೆ ನಡೆದದ್ದು ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೋದಲ್ಲಿ, 2012ರಿಂದ 2015ರವರೆಗೆ. ಅಲ್ಲಿ ಊರೂರಿಗೆ ಸ್ಥಳೀಯ ಎಫ್‌ಎಂ, ಒಂದರ ದನಿ ಇನ್ನೊಂದರ ಸೀಮೆಗೆ ಕೇಳುವುದಿಲ್ಲ, ಭಾಷೆಗಳೂ ಬೇರೆಬೇರೆ. ರೇಡಿಯೋದ ದನಿ ದೂರ ಹೋಗದಿರುವುದೇ ಪರೀಕ್ಷೆಗೆ ಅನುಕೂಲವಾಯಿತು. 14 ಪ್ರದೇಶಗಳಲ್ಲಿ ಏಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಅಲ್ಲಿ ಮಾತ್ರ ಪ್ರಚಾರ ನಡೆಸಿದರು. ಒಂದು ನಿಮಿಷದ ಸಣ್ಣ ದೃಶ್ಯ ದಿನಕ್ಕೆ ಸುಮಾರು ಹತ್ತು ಸಲ, ಜೊತೆಗೆ ಜನ ಫೋನ್ ಮಾಡಿ ಮಾತಾಡುವ ಎರಡು ಗಂಟೆಯ ಕಾರ್ಯಕ್ರಮ. ಮಗುವಿಗೆ ಜ್ವರ, ಭೇದಿ, ಉಸಿರಾಟದ ತೊಂದರೆ ಕಂಡರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅನ್ನುವುದು ಮುಖ್ಯ ಮಾತು.

ಮೊದಲ ವರ್ಷದಲ್ಲೇ ಪ್ರಚಾರ ನಡೆದ ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಮಲೇರಿಯಾ ಪ್ರಕರಣಗಳು 56 ಶೇಕಡ, ನ್ಯುಮೋನಿಯಾ 39, ಭೇದಿ 73 ಶೇಕಡ ಹೆಚ್ಚು ದಾಖಲಾದವು. ಕಾಯಿಲೆ ಹೆಚ್ಚಾಯಿತು ಅಂತ ಅಲ್ಲ. ಮನೆಯಲ್ಲೇ ಉಳಿಯುತ್ತಿದ್ದ ಮಕ್ಕಳು ಆಸ್ಪತ್ರೆ ತಲುಪಿದರು ಅಂತ. ಆದರೆ ಮಕ್ಕಳ ಸಾವು ಕಡಿಮೆಯಾಯಿತಾ? ಸಾವು ಎರಡೂ ಕಡೆ ಇಳಿದಿತ್ತು, ಪ್ರಚಾರ ಇದ್ದ ಕಡೆ ಹೆಚ್ಚು ಇಳಿಯಿತು ಅಂತ ನೇರ ಲೆಕ್ಕದಲ್ಲಿ ತೋರಿಸಲು ಆಗಲಿಲ್ಲ. ಆಸ್ಪತ್ರೆಗೆ ಬಂದವರ ಸಂಖ್ಯೆಯಿಂದ ಅಂದಾಜು ಹಾಕಿ ಜೀವಗಳು ಉಳಿದಿವೆ ಅಂದರು ಸಂಶೋಧಕರು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಅದೇ ದೇಶದಲ್ಲಿ ಸ್ವಲ್ಪ ಕಾಲದ ನಂತರ ಇನ್ನೊಂದು ಅಧ್ಯಯನ ಆಯಿತು. ರೇಡಿಯೋ ಇಲ್ಲದ ಹೆಂಗಸರಿಗೆ ರೇಡಿಯೋ ಸೆಟ್ ಕೊಟ್ಟರು. ಕುಟುಂಬ ಯೋಜನೆಯ ಪ್ರಚಾರ ಇದ್ದ ಕಡೆ ಗರ್ಭನಿರೋಧಕ ಬಳಸುವವರು ಹೆಚ್ಚಾದರು. ಪ್ರಚಾರ ಇಲ್ಲದೆ ಬರೀ ಸೆಟ್ ಸಿಕ್ಕ ಕಡೆ ಕಡಿಮೆಯಾದರು! ಅಂದರೆ ಪೆಟ್ಟಿಗೆಯಲ್ಲಿ ಗುಣವಿಲ್ಲ. ಅದರಿಂದ ಏನು ಬರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಯಾರ ದನಿ, ಯಾವ ಭಾಷೆ

ಬೀದರ್‌ಗೆ ಹತ್ತಿರದ ಜಹೀರಾಬಾದ್ ಸೀಮೆಯಲ್ಲಿ, ಈಗಿನ ತೆಲಂಗಾಣದಲ್ಲಿ, 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಪ್ರಸಾರ ಶುರು ಮಾಡಿತು. ನಡೆಸುವವರು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರು. ಸ್ಟುಡಿಯೋ ವರ್ಷಗಳ ಮೊದಲೇ ಸಿದ್ಧವಿತ್ತು, ಪರವಾನಗಿ ಬಂದಿರಲಿಲ್ಲ, ಅಲ್ಲಿಯವರೆಗೆ ಟೇಪ್ ಮಾಡಿ ಇಡುತ್ತಿದ್ದರು. ಬೀಜ, ಸಿರಿಧಾನ್ಯ, ಮನೆಮದ್ದು, ಹಾಡು, ಎಲ್ಲವೂ ಅವರ ಆಡುಮಾತಿನಲ್ಲೇ. ಹೊಲದ ಕೂಲಿ ಮುಗಿಸಿ ಬಂದವರಿಗೆ ಅನುಕೂಲ ಆಗಲಿ ಅಂತ ಪ್ರಸಾರವನ್ನು ಸಂಜೆಗೆ ಇಟ್ಟುಕೊಂಡರು.

ನಮ್ಮಲ್ಲೂ ಇಂಥ ಕೇಂದ್ರಗಳಿವೆ. ಎಚ್.ಡಿ. ಕೋಟೆ ಕಡೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಜನಧ್ವನಿಯ ಕೇಳುಗರಲ್ಲಿ ಕಾಡಂಚಿನ ಹಾಡಿಗಳ ಆದಿವಾಸಿಗಳೂ ಇದ್ದಾರೆ. ಮಂಗಳೂರಿನ ರೇಡಿಯೋ ಸಾರಂಗ್‌ನಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಕೇಳುತ್ತದೆ. ಬೆಂಗಳೂರಿನ ರಮಣ ಧ್ವನಿ ಅಂಧರ ಶಾಲೆಯೊಂದರಿಂದ ಹುಟ್ಟಿದ್ದು. ಅದೇ ಊರಿನ ರೇಡಿಯೋ ಆಕ್ಟಿವ್‌ನಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯದವರು ಆರ್‌ಜೆ ಆಗಿದ್ದಾರೆ, ಕಸ ಆಯುವವರು ಮೈಕ್ ಮುಂದೆ ಕೂತಿದ್ದಾರೆ.

ಇದರಿಂದ ಕೇಳುವವರ ಮನಸ್ಸು ಬದಲಾಗುತ್ತದಾ? ಇದಕ್ಕೆ ಆಫ್ರಿಕದ ರುವಾಂಡಾದಿಂದ ಒಂದು ಅಚ್ಚರಿಯ ಉತ್ತರ ಬಂದಿದೆ. ಅಲ್ಲಿ 2004ರಲ್ಲಿ ಎರಡು ಹಳ್ಳಿಗಳ ಜಗಳ ಮತ್ತು ರಾಜಿಯ ಬಗ್ಗೆ ರೇಡಿಯೋ ಧಾರಾವಾಹಿ ಶುರುವಾಯಿತು. ಬೆಟ್ಸಿ ಲೆವಿ ಪಾಲಕ್ ಎಂಬ ಮನಃಶಾಸ್ತ್ರ ಸಂಶೋಧಕಿ ಕೆಲವು ಗುಂಪುಗಳಿಗೆ ಅದನ್ನು, ಇನ್ನು ಕೆಲವಕ್ಕೆ ಆರೋಗ್ಯದ ಧಾರಾವಾಹಿಯನ್ನು ಒಂದು ವರ್ಷ ಕೇಳಿಸಿದರು. ಕೊನೆಗೆ ನೋಡಿದರೆ ಜನರ ಸ್ವಂತ ನಂಬಿಕೆ ಅಷ್ಟೇನೂ ಬದಲಾಗಿರಲಿಲ್ಲ. ಬದಲಾಗಿದ್ದು ಊರಿನ ಉಳಿದವರು ಏನನ್ನು ಒಪ್ಪುತ್ತಾರೆ ಅನ್ನುವ ಅವರ ಅಂದಾಜು. ಹಾಗೆಯೇ ನಡೆದುಕೊಳ್ಳುವ ರೀತಿಯೂ ಬದಲಾಗಿತ್ತು. ಅಧ್ಯಯನ ಮುಗಿದಾಗ ಪ್ರತಿ ಗುಂಪಿಗೂ ಒಂದು ಟೇಪ್ ರೆಕಾರ್ಡರ್, ಕ್ಯಾಸೆಟ್ ಉಡುಗೊರೆ ಸಿಕ್ಕಿತು. ಆರೋಗ್ಯದ ಧಾರಾವಾಹಿ ಕೇಳಿದವರು ಊರಿನ ಮುಖ್ಯಸ್ಥರ ಕೈಗೆ ಕೊಟ್ಟುಬಿಡೋಣ ಅಂದರು. ರಾಜಿಯ ಕಥೆ ಕೇಳಿದವರು ಕೂತು ವಾದ ಮಾಡಿ, ನಾವೇ ಹಂಚಿಕೊಂಡು ಇಟ್ಟುಕೊಳ್ಳೋಣ ಅನ್ನುವ ಕಡೆ ವಾಲಿದರು.

ನಾವು ಎಷ್ಟೋ ಕೆಲಸ ಮಾಡುವುದು, ಬಿಡುವುದು 'ಜನ ಏನಂತಾರೋ' ಅಂತ ಅಲ್ವಾ? ರೇಡಿಯೋ ಕೈ ಹಾಕುವುದು ಆ ಜಾಗಕ್ಕೆ. ಅತ್ತೆಯೊಬ್ಬಳು ಎಲ್ಲರಿಗೂ ಕೇಳುವ ಹಾಗೆ 'ನಾನೇ ಸೊಸೆಗೆ ಮಾತ್ರೆ ಕೊಡ್ತೀನಿ' ಅಂದಾಗ, ಉಳಿದ ಅತ್ತೆಯರಿಗೆ ಅದು ಮಾಡಬಹುದಾದ ಕೆಲಸ ಅನಿಸುತ್ತದೆ.

ಅದೇ ಬಲ ತಿರುಗಿ ಬಿದ್ದರೆ

ರುವಾಂಡಾದ ಹೆಸರು ಬಂದ ಮೇಲೆ ಇದನ್ನು ಬಿಡುವ ಹಾಗಿಲ್ಲ. ಆ ದೇಶದಲ್ಲೇ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೋ 1993ರಿಂದ ಟುಟ್ಸಿ ಜನಾಂಗದವರನ್ನು ಜಿರಳೆಗಳು ಅಂತ ಕರೆದು, 1994ರ ನರಮೇಧದಲ್ಲಿ ಹೆಸರು, ವಿಳಾಸ ಓದಿ ಹೇಳಿತು. ಸುಮಾರು ನೂರು ದಿನಗಳಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಆ ರೇಡಿಯೋ ಕಟ್ಟಿದವರಿಗೆ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ವಿಧಿಸಿತು. ಪ್ರಸಾರಕ್ಕೆ ಪರವಾನಗಿ, ನಿಯಮ ಯಾಕೆ ಬೇಕು ಅಂತ ಕೇಳುವವರಿಗೆ ಇದೂ ಒಂದು ಉತ್ತರ.

ಒಳ್ಳೆ ಉದ್ದೇಶವೂ ಕೆಲವೊಮ್ಮೆ ಎಡವುತ್ತದೆ. 2014ರಲ್ಲಿ ಪಶ್ಚಿಮ ಆಫ್ರಿಕದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹಬ್ಬಿದಾಗ ಶುರುವಿನ ಸಂದೇಶಗಳು ಎಬೋಲಾ ಕೊಲ್ಲುತ್ತದೆ, ಅದಕ್ಕೆ ಔಷಧಿ ಇಲ್ಲ ಅಂದವು. ಸುಳ್ಳೇನೂ ಅಲ್ಲ. ಆದರೆ ಔಷಧಿಯೇ ಇಲ್ಲದ ಮೇಲೆ ಆಸ್ಪತ್ರೆಗೆ ಯಾಕೆ ಹೋಗಬೇಕು? ಜನ ರೋಗಿಗಳನ್ನು ಮನೆಯಲ್ಲೇ ಬಚ್ಚಿಟ್ಟರು, ಆರೈಕೆ ಮಾಡಿದವರಿಗೂ ಹರಡಿತು. ಆಮೇಲೆ ಮಾತು ಬದಲಾಯಿತು: ಬೇಗ ಬಂದರೆ ಬದುಕುವ ಅವಕಾಶ ಹೆಚ್ಚು. ಗುಣವಾದವರೇ ರೇಡಿಯೋದಲ್ಲಿ ಮಾತಾಡಿದರು. ಹೆಣಕ್ಕೆ ಸ್ನಾನ ಮಾಡಿಸುವ ಪದ್ಧತಿಯನ್ನು ಬರೀ ನಿಷೇಧಿಸುವ ಬದಲು, ಮರ್ಯಾದೆಯಿಂದ ಮಣ್ಣು ಮಾಡುವ ಸುರಕ್ಷಿತ ಕ್ರಮವನ್ನು ಇಮಾಮರು, ಪಾದ್ರಿಗಳು ಹೇಳಿದರು.

ಮೊಬೈಲ್ ಇರುವಾಗ ರೇಡಿಯೋ ಯಾಕೆ?

ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ರೇಡಿಯೋ ಸೆಟ್ ಈಗ ಅಪರೂಪ. ಎಫ್‌ಎಂ ಫೋನಿನಲ್ಲಿ ಬರುತ್ತಿತ್ತು, ಇಯರ್‌ಫೋನಿನ ವೈರೇ ಆಂಟೆನಾ ಆಗುತ್ತಿತ್ತು. ಹೊಸ ಫೋನ್‌ಗಳಲ್ಲಿ ಆ ತೂತೇ ಇಲ್ಲ, ಕೆಲವು ಕಂಪನಿಗಳು ಎಫ್‌ಎಂ ಅನ್ನೇ ತೆಗೆದುಬಿಟ್ಟಿವೆ. 2023ರಲ್ಲಿ ಕೇಂದ್ರ ಸರ್ಕಾರ ಹಾಗೆ ತೆಗೆಯಬೇಡಿ ಅಂತ ಸಲಹೆ ಕೊಡಬೇಕಾಯಿತು.

ಆದರೂ ರೇಡಿಯೋಗೆ ಡೇಟಾ ಬೇಡ, ಓದಲು ಬರಬೇಕಿಲ್ಲ, ಕೈ ಖಾಲಿ ಇರಬೇಕಿಲ್ಲ. ರೊಟ್ಟಿ ತಟ್ಟುತ್ತಾ ಕೇಳಬಹುದು. ಪ್ರವಾಹದಲ್ಲಿ ಮೊಬೈಲ್ ಟವರ್ ಬಿದ್ದಾಗ ಸೆಲ್ ಹಾಕಿದ ರೇಡಿಯೋ ಮಾತಾಡುತ್ತಿರುತ್ತದೆ. ವಾಟ್ಸಾಪ್‌ನಲ್ಲಿ ಬರುವ 'ಡಾಕ್ಟರ್ ಹೇಳಿದ್ದು' ಅನ್ನುವ ಆಡಿಯೋ ಯಾರದು ಅಂತ ಗೊತ್ತಾಗುವುದಿಲ್ಲ. ಊರಿನ ರೇಡಿಯೋದಲ್ಲಿ ತಪ್ಪು ಹೇಳಿದವರನ್ನು ಸಂತೆಯಲ್ಲೇ ಹಿಡಿದು ಕೇಳಬಹುದು.

ಎರಡನ್ನೂ ಸೇರಿಸಿದವರೂ ಇದ್ದಾರೆ. 2010ರಲ್ಲಿ ಛತ್ತೀಸಗಢದ ಆದಿವಾಸಿ ಸೀಮೆಯಲ್ಲಿ ಶುರುವಾದ ಸಿಜಿನೆಟ್ ಸ್ವರಕ್ಕೆ ಟ್ರಾನ್ಸ್‌ಮಿಟರ್ ಇಲ್ಲ. ಒಂದು ನಂಬರಿಗೆ ಮಿಸ್ ಕಾಲ್ ಕೊಟ್ಟರೆ ತಿರುಗಿ ಕರೆ ಬರುತ್ತದೆ. ಹೇಳುವುದಿದ್ದರೆ ಗೊಂಡಿಯಲ್ಲೋ ಹಿಂದಿಯಲ್ಲೋ ಹೇಳಿ, ಕೇಳುವುದಿದ್ದರೆ ಬೇರೆಯವರದು ಕೇಳಿ. ಕೈಪಂಪು ಕೆಟ್ಟಿದ್ದು, ಕೂಲಿ ಬಾರದ್ದು ಎಲ್ಲ ಅಲ್ಲಿಗೆ ಬಂತು.

ಒಂದು ಕೊರತೆಯನ್ನು ಮಾತ್ರ ರೇಡಿಯೋ ತುಂಬಲಾರದು. ಕಿವಿ ಕೇಳದವರನ್ನು ಅದು ಪೂರ್ತಿ ಹೊರಗಿಡುತ್ತದೆ. ಅವರಿಗೆ ಸಂಜ್ಞೆ ಭಾಷೆಯ ವಿಡಿಯೋ, ಬರಹ ಬೇರೆಯಾಗಿಯೇ ಬೇಕು.

ಶುರು ಮಾಡುವುದಾದರೆ

ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ, ಲಾಭಕ್ಕಾಗಿ ನಡೆಯುವ ಕಂಪನಿಗಳಿಗೆ ಸಮುದಾಯ ರೇಡಿಯೋ ಪರವಾನಗಿ ಸಿಗುವುದಿಲ್ಲ. ನೋಂದಣಿಯಾದ, ಕನಿಷ್ಠ ಮೂರು ವರ್ಷ ಊರಿನಲ್ಲಿ ಕೆಲಸ ಮಾಡಿ ತೋರಿಸಿದ ಸಂಸ್ಥೆ ಇರಬೇಕು. ಅರ್ಜಿ ಹಾಕುವುದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ, ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್‌ನಲ್ಲಿ. ಸಾಮಾನು ಕೊಳ್ಳಲು ಸರ್ಕಾರದ ಸಹಾಯಧನ ಯೋಜನೆ ಇದೆ. ಸ್ವಂತ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿ ಸುದ್ದಿಯನ್ನು ಹಾಗೇ ಮರುಪ್ರಸಾರ ಮಾಡಬಹುದು. ಹವಾಮಾನ, ಜಾತ್ರೆ, ಕರೆಂಟು, ನೀರಿನ ಮಾಹಿತಿಗೆ ಅಡ್ಡಿಯಿಲ್ಲ.

ಕಷ್ಟ ಬರುವುದು ತೆರೆದ ಮೇಲೆ. ಎಷ್ಟೋ ಕೇಂದ್ರಗಳು ಸೊರಗುವುದು ದುಡ್ಡಿನ ವಿಷಯಕ್ಕೆ. 2024ರ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಮೊದಲು ಏಳು ನಿಮಿಷ ಇತ್ತು. ದರ 10 ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ಆಗಿದೆ. ಅಂದರೆ ಅರ್ಧ ನಿಮಿಷದ ಜಾಹೀರಾತಿಗೆ 222 ರೂಪಾಯಿ. ಅಂಥವು ದಿನಾ ಸಾಕಷ್ಟು ಸಿಕ್ಕರೆ ಇಬ್ಬರ ಸಂಬಳ, ಕರೆಂಟ್ ಬಿಲ್ ಹೇಗೋ ತೂಗಬಹುದು. ದಿನಾ ಸಿಗುವುದಿಲ್ಲ ಅನ್ನುವುದೇ ತಾಪತ್ರಯ. ಹಾಗಾಗಿ ಬಹಳ ಕೇಂದ್ರಗಳು ಮಾತೃಸಂಸ್ಥೆಯ ಹಣದ ಮೇಲೆ ನಿಂತಿವೆ.

ಪರವಾನಗಿ ಬರುವ ತನಕ ಸುಮ್ನೆ ಇರಬೇಕಿಲ್ಲ. ಒಂದು ಸ್ಮಾರ್ಟ್‌ಫೋನಿನಲ್ಲಿ ಹತ್ತು ನಿಮಿಷದ ಸಂಭಾಷಣೆ ಧ್ವನಿಮುದ್ರಿಸಿ, ಪಿಎಚ್‌ಸಿ ವೈದ್ಯರಿಗೆ ಕೇಳಿಸಿ, ಬೂದಿಕೋಟೆಯವರ ಹಾಗೆ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹಾಕಬಹುದು. ಮುಗಿದ ಮೇಲೆ ಯಾರು ಏನು ಕೇಳಿದರು ಅಂತ ಬರೆದಿಟ್ಟುಕೊಂಡರೆ ಮುಂದಿನ ಕಂತಿನ ವಿಷಯ ಅಲ್ಲೇ ಸಿಗುತ್ತದೆ.